ಅಡುಗೆಮನೆಯ ನಡುಗೋಡೆ

ಗೋಡೆ ಪೂರ್ತಿ ಹೋಗಬೇಕು ಎಂದು ನುಜಾ ಹೇಳಿದಾಗ ಮೇಸ್ತ್ರಿ ಅಲ್ಲಾಲ್ ಅವಳನ್ನು ನೋಡಲಿಲ್ಲ, ಅವಳ ತಂಗಿಯನ್ನು ನೋಡಿದ. ಬತೂಲ್ ತಲೆಯಾಡಿಸಿದಳು. ಅಷ್ಟೇ. ಜಗಳವಿಲ್ಲ.

ಫೆಸ್ ನಗರದ ಹಳೇಪೇಟೆಯ ಆ ಗಲ್ಲಿಯಲ್ಲಿ ಈ ಗೋಡೆಯ ಕಥೆ ಎಲ್ಲರಿಗೂ ಗೊತ್ತು. ಅಪ್ಪ ತೀರಿದ ಮೇಲೆ ಅಕ್ಕತಂಗಿಯರು ಮನೆ ಹಂಚಿಕೊಂಡರು. ಪಾಲಿನ ಗೆರೆ ಅಡುಗೆಮನೆಯ ನಟ್ಟನಡುವೆ ಹಾದುಹೋಯಿತು. ಒಲೆ ಒಬ್ಬಳಿಗೆ, ನಲ್ಲಿ ಇನ್ನೊಬ್ಬಳಿಗೆ. ಇಟ್ಟಿಗೆ ಎದ್ದಿತು, ಮಾತು ನಿಂತಿತು. ತಾಯಿ ಲಲ್ಲಾ ರಹ್ಮಾ ಕೊನೆಯ ದಿನಗಳಲ್ಲಿ ಅಲ್ಲಾಲ್‌ನನ್ನು ಕರೆಸಿ, ಅವರಿಬ್ಬರೂ ಮಾತಾಡುವ ಹಾಗೆ ಮಾಡು ಎಂದಿದ್ದಳು. ಅವನು ಒಪ್ಪಿಕೊಂಡಿದ್ದ. ಈಗ ಕರೆ ಬಂದಾಗ, ಈ ಕೆಲಸಕ್ಕೆ ಕೂಲಿ ಬೇಡ ಎಂದು ಮೊದಲೇ ಹೇಳಿಬಿಟ್ಟಿದ್ದ.

ತೊಲೆಗಳ ಭಾರ ಹೊರಗೋಡೆಗಳ ಮೇಲಿದೆ, ಇದನ್ನು ಕೆಡವಿದರೆ ಮಹಡಿಗೆ ಅಪಾಯವಿಲ್ಲ ಎಂದು ವಿವರಿಸಿದ. ಇಬ್ಬರೂ ಕೇಳಿಸಿಕೊಂಡರು. ಒಲೆ ಎಲ್ಲಿ ಎಂದ. ನುಜಾ ಫೋನ್ ನೋಡಿ, ಕಿಟಕಿಯ ಕೆಳಗೆ ಎಂದಳು. ನಲ್ಲಿ? ಮತ್ತೆ ಫೋನ್ ನೋಡಿದಳು. ಬತೂಲ್‌ಗೆ ಎಲ್ಲವೂ ಒಪ್ಪಿಗೆ.

ನುಜಾ ಹೇಳಿದ ಅಡುಗೆಕಟ್ಟೆಯ ಎತ್ತರ ಕೇಳಿ ಅಲ್ಲಾಲ್ ಟೇಪು ಹಿಡಿದು ನಿಂತ.

"ಇಬ್ಬರೂ ಕುಳ್ಳಿಯರು. ಇಷ್ಟೆತ್ತರ ಮಾಡಿದ್ರೆ ಹಿಟ್ಟು ನಾದೋಕೆ ಏಣಿ ಹತ್ತಬೇಕಾಗ್ತದೆ, ಮಗಳೇ."

"ಅಷ್ಟೇ ಇರಲಿ, ಮೇಸ್ತ್ರಿ," ಎಂದಳು ನುಜಾ.

ನೆಲದ ವಿಷಯಕ್ಕಾದರೂ ಕಿಡಿ ಹಾರುತ್ತದೆಂದು ಅವನು ಎಣಿಸಿದ್ದ. ಅಪ್ಪನ ಕಾಲದ, ಕೈಯಲ್ಲಿ ಕಡಿದ ಬಣ್ಣದ ಬಿಲ್ಲೆಗಳ ಮೇಲೆ ಬತೂಲ್ ತನ್ನ ಪಾಲಿನಲ್ಲಿ ನುಣುಪು ಟೈಲ್ಸ್ ಹಾಕಿಸಿದ್ದಳು. ಈಗ ಅದನ್ನು ಕಿತ್ತು, ಇಡೀ ನೆಲಕ್ಕೆ ಹಳೆಯ ಬಗೆಯ ಬಿಲ್ಲೆಗಳನ್ನೇ ಕೂರಿಸಬೇಕಂತೆ.

"ಬಿಲ್ಲೆ ಸಂದಿನ ಜಿಡ್ಡು ತಿಕ್ಕಿ ತಿಕ್ಕಿ ಸೊಂಟ ಬಿತ್ತು ಅಂತ ಗಲ್ಲಿಗೆಲ್ಲ ಹೇಳ್ಕೊಂಡು ಬಂದವಳು ನೀನೇ ಅಲ್ವಾ?" ಎಂದ ಅಲ್ಲಾಲ್.

"ಹೌದು," ಎಂದಳು ಬತೂಲ್. "ನೋಡೋಕೆ ಚೆನ್ನಾಗಿರ್ತದೆ."

ಅಪ್ಪನ ನೆನಪಾಗಿದೆ ಎಂದುಕೊಂಡ ಅಲ್ಲಾಲ್. ರಂಜಾನಿಗೆ ಮುಂಚೆ ಮುಗಿಯಬೇಕು ಎಂದು ನುಜಾ ಹೇಳಿದಾಗ ಅವನಿಗೆ ಉಳಿದಿದ್ದ ಅನುಮಾನವೂ ಹೋಯಿತು. ಉಪವಾಸ ಬಿಡುವ ಹೊತ್ತಿಗೆ ಒಂದೇ ಮೇಜು, ಒಂದೇ ಪಾತ್ರೆಯ ಸೂಪು. ಲಲ್ಲಾ ರಹ್ಮಾ ಇನ್ನೇನು ಕೇಳಿದ್ದಳು?

ಒಂದೇ ಕೊರತೆ. ಇಷ್ಟು ಹೊತ್ತೂ ಇಬ್ಬರೂ ಮಾತಾಡಿದ್ದು ಅವನ ಜೊತೆಗೆ. ಕಪಾಟು ಈ ಕಡೆ ಅಂತ ಅವಳಿಗೆ ಹೇಳಿ, ಮೇಸ್ತ್ರಿ, ಎಂದು ಒಬ್ಬಳು. ಆಗಲಿ ಅಂತ ಹೇಳಿ, ಎಂದು ಕೈಯಳತೆಯಲ್ಲೇ ನಿಂತಿದ್ದ ಇನ್ನೊಬ್ಬಳು.

ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದು ಮುಗಿಸಿದ ಅಲ್ಲಾಲ್ ಸುತ್ತಿಗೆಯನ್ನು ನೆಲಕ್ಕಿಟ್ಟ.

"ನಾನೇನು ಅಂಚೆಯವನಾ? ಒಂದು ಮಾತು, ಒಂದೇ ಒಂದು, ಒಬ್ಬರ ಮುಖ ಒಬ್ಬರು ನೋಡಿ ಆಡಿ. ನಿಮ್ಮಮ್ಮನಿಗೆ ಅಷ್ಟು ಸಾಕು. ಆಡದೆ ಇದ್ರೆ ನಾನು ಇದನ್ನ ಎತ್ತೋದಿಲ್ಲ."

ಅಕ್ಕತಂಗಿಯರು ಸುತ್ತಿಗೆಯತ್ತ ನೋಡಿದರು. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ, ಬೇರೇನೂ ಇರಲಿಲ್ಲ. ಕೊನೆಗೆ ಬತೂಲ್ ಅಕ್ಕನ ಕಡೆ ತಿರುಗಿದಳು.

"ಮನೆ ಕೊಂಡ ಫ್ರಾನ್ಸಿನವರಿಗೆ ಬೀಗದ ಕೈ ನೀನು ಕೊಡ್ತೀಯೋ, ನಾನು ಕೊಡಲೋ?"