ಅಟ್ಟೆ ನೋಡಿ ಹೆಣ್ಣು ಕೊಟ್ಟದ್ದು

ಚಪ್ಪಲಿ ಎತ್ತಿ ಮಗುಚುವುದನ್ನು ಯಾರೂ ನೋಡಬಾರದಿತ್ತು. ಅದಕ್ಕೇ ಶಾಂತಿಪ್ರಸಾದರು ಅಳದಂಗಡಿಯ ಆ ಮನೆಯ ಮೆಟ್ಟಿಲಲ್ಲಿ ಶಲ್ಯ ಅಗಲಿಸಿ, ಸೆಖೆಯಾದವರಂತೆ ಗಾಳಿ ಹಾಕಿಕೊಳ್ಳುತ್ತ ನಿಂತಿದ್ದರು. ಶಲ್ಯದ ಮರೆಯಲ್ಲಿ ಇಬ್ರಾಹಿಂ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಮೂಡುಬಿದಿರೆಯಲ್ಲಿ ಮೂವತ್ತು ವರ್ಷದಿಂದ ಅವನದು ಚಪ್ಪಲಿ ಅಂಗಡಿ. ಗಿರಾಕಿಯ ಮುಖ ಮರೆತಾನು, ಹೆಜ್ಜೆ ಮರೆಯುವವನಲ್ಲ.

ಶಾಂತಿಪ್ರಸಾದರ ಮಗಳು ತ್ರಿಶಾಳಿಗೆ ಈ ಮನೆಯ ಶಶಿರಾಜನ ಸಂಬಂಧ ಬಂದಿತ್ತು. ಮನೆತನ ಸರಿ, ಜಾತಕ ಸರಿ. ಆದರೆ ಹುಡುಗ ಬೈಕಿನಿಂದ ಬಿದ್ದ ಮೇಲೆ ಕುಂಟುತ್ತಾನೆಂದು ಯಾರೋ ಕಿವಿಗೆ ಹಾಕಿದ್ದರು. ಪರೀಕ್ಷಿಸೋಣವೆಂದರೆ, ಎರಡು ಸಲ ಬಂದಾಗಲೂ ಅವನು ಮೊದಲೇ ಸೋಫಾದಲ್ಲಿ ಕುಳಿತಿದ್ದ. ಇವರು ಹೊರಡುವವರೆಗೂ ಏಳಲಿಲ್ಲ. ನಡೆದು ತೋರಿಸು ಎನ್ನಲು ಅವನೇನು ಕಂಬಳದ ಕೋಣವೇ?

ಕುಂಟುವುದು ನಿಜವಾದರೆ ಸಂಬಂಧ ಬೇಡ ಎಂದು ಶಾಂತಿಪ್ರಸಾದರು ಮನೆಯಲ್ಲಿ ಘೋಷಿಸಿದ್ದರು. ತ್ರಿಶಾ ಅಳಲಿಲ್ಲ, ವಾದಿಸಲಿಲ್ಲ. “ಇಬ್ರಾಹಿಂ ಕಾಕ ಚಪ್ಪಲಿ ನೋಡಿಯೇ ಹೇಳ್ತಾರಲ್ಲ ಅಪ್ಪ, ಅವರನ್ನು ಕರ್ಕೊಂಡು ಹೋಗಿ” ಎಂದಿದ್ದಳು. ಶುಭಕಾರ್ಯಕ್ಕಾಗದ ಆಟಿ ತಿಂಗಳು ಕಳೆಯಲಿ ಎಂದು ತಡೆದು ಇಂದು ಬಂದಿದ್ದರು.

ಬಸ್ಸಿಳಿದಲ್ಲಿಂದ ಅರ್ಧ ಮೈಲಿ. ಇಬ್ರಾಹಿಂ ರಿಕ್ಷಾ ಬೇಕೆಂದಿದ್ದ. ಅವನ ಎರಡೂ ಕಾಲಿನ ಕಿರುಬೆರಳಿಗೆ ಪ್ಲಾಸ್ಟರ್ ಇತ್ತು.

“ಎಂಥದು ಮಾರಾಯ, ಚಪ್ಪಲಿ ಮಾರುವವನಿಗೇ ಚಪ್ಪಲಿ ಕಚ್ಚುವುದಾ?”

“ಕೆಲವನ್ನು ಹಾಕಿಯೇ ನೋಡಬೇಕಾಗ್ತದೆ ಧನಿಗಳೇ.”

ಈಗ ಮೆಟ್ಟಿಲಲ್ಲಿ ಅವನು ಚಪ್ಪಲಿ ಎತ್ತುವಷ್ಟರಲ್ಲಿ ಹುಡುಗನ ತಾಯಿ ರಾಜಮತಿ ಹೊರಗೆ ಬಂದರು. ಶಲ್ಯ ಕೆಳಗಿಳಿಯಿತು. ಇಬ್ರಾಹಿಮನ ಕೈಯಲ್ಲಿ ಕಂದು ಬಣ್ಣದ ಜೋಡಿ.

“ಅಯ್ಯೋ, ಶಶಿಯ ಚಪ್ಪಲಿ ದಾರಿಗೆ ಅಡ್ಡ ಉಂಟಾ? ಆಚೆ ದೂಡಿ.”

“ಅಂಗಡಿಯವನಲ್ವಾ ಅಮ್ಮ, ಕೈ ಸುಮ್ಮನಿರುವುದಿಲ್ಲ.”

ರಾಜಮತಿ ನಕ್ಕು ಕಾಫಿಗೆಂದು ಒಳಗೆ ಹೋದರು. ಇಬ್ರಾಹಿಂ ಅಟ್ಟೆಗಳನ್ನು ಬಿಸಿಲಿಗೆ ಹಿಡಿದ.

“ಕಾಲು ಗಿಡ್ಡವಾದರೆ ಆ ಬದಿಯ ಅಟ್ಟೆಯ ತುದಿ ಸವೆಯುತ್ತದೆ, ಇನ್ನೊಂದರ ಹಿಮ್ಮಡಿ ಓರೆಯಾಗುತ್ತದೆ. ಇಲ್ಲಿ ನೋಡಿ. ಎಡಬಲ ಒಂದೇ ಸಮ. ತಕ್ಕಡಿಯಲ್ಲಿ ತೂಗಿದ ಹಾಗೆ.”

“ಮಗಳ ಜೀವನ ಇಬ್ರಾಹಿಂ. ಸರಿಯಾಗಿ ನೋಡಿ ಹೇಳು.”

“ಇದನ್ನು ಹಾಕಿ ನಡೆದವನು ಕುಂಟನಲ್ಲ ಧನಿಗಳೇ. ಅದಕ್ಕೆ ನಾನೇ ಜಾಮೀನು.”

ಶಾಂತಿಪ್ರಸಾದರ ಎದೆ ಹಗುರಾಯಿತು. ಒಳಗೆ ಹೋದರು. ಹುಡುಗ ಸೋಫಾದಲ್ಲೇ ಕುಳಿತಿದ್ದ. ಈ ಸಲ ಅದು ವಿನಯದಂತೆ ಕಂಡಿತು. ಕಾಫಿ ಆರುವ ಮೊದಲೇ ಮಾತು ಕೊಟ್ಟು, ನಿಶ್ಚಿತಾರ್ಥದ ದಿನವನ್ನೂ ಗೊತ್ತು ಮಾಡಿದರು.

ಇಬ್ರಾಹಿಂ ಅಂಗಳದ ಮೂಲೆಗೆ ನಡೆದು ತ್ರಿಶಾಳಿಗೆ ಫೋನ್ ಮಾಡಿದ.

“ಅಪ್ಪ ಒಪ್ಪಿದರು ಮಗಾ. ಆದರೆ ಇನ್ನು ನನ್ನಿಂದಾಗದು. ಆಟಿಯ ಮಳೆಯಲ್ಲಿ ದಿನಾ ಬೆಳುವಾಯಿವರೆಗೆ, ನಿನ್ನ ಹುಡುಗನ ಎಂಟು ನಂಬರಿನ ಚಪ್ಪಲಿಯೊಳಗೆ ನನ್ನ ಒಂಬತ್ತು ನಂಬರಿನ ಕಾಲು ತುರುಕಿ ನಡೆದದ್ದು ಸಾಕು.”