ಫಾಂಟ್ ಇಲ್ಲದ ಕಾಗದ

ಲಿನಕ್ಸ್ ಸಿಡಿ ಹಾಕಿ ಕಂಪ್ಯೂಟರ್ ಚಾಲೂ ಮಾಡಿದ ವಿಘ್ನೇಶ್ವರ, ಈಗಲೇ ಇನ್‌ಸ್ಟಾಲ್ ಮಾಡುವುದು ಬೇಡ, ಸಿಡಿಯಿಂದಲೇ ನಡೆಸಿ ನೋಡಿ, ಹಿಡಿಸಿದರೆ ಆಮೇಲೆ ವಿಂಡೋಸ್ ತೆಗೆದರಾಯಿತು ಎಂದ. ಕಾರವಾರದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಅವನನ್ನು ನಿಶಾಳೇ ಅಂಕೋಲೆಗೆ ಕರೆಸಿಕೊಂಡಿದ್ದಳು. ವೈರಸ್ ಕಾಟಕ್ಕೆ ಅವಳು ರೋಸಿಹೋಗಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಮಷೀನು ಕೂತುಬಿಟ್ಟರೆ ಟೈಪು ಮಾಡಿದ ಲಗ್ನಪತ್ರಿಕೆಯೆಲ್ಲ ನೀರಲ್ಲಿ ಮಾಡಿದ ಹೋಮ.

ಅಣ್ಣ ಗುರುಪ್ರಸಾದ ಮಾತ್ರ ಬೇಡವೇ ಬೇಡ ಎಂದು ಪಟ್ಟು ಹಿಡಿದಿದ್ದ. ಡಿಟಿಪಿ ಅಂಗಡಿಯ ಬೋರ್ಡಿನಲ್ಲಿ ಹೆಸರು ಅವನದು, ಅಂಗಡಿ ನಡೆಯುವುದು ತಂಗಿಯ ಹತ್ತು ಬೆರಳಿನಲ್ಲಿ. ಅವನು ಎರಡು ಬೆರಳಲ್ಲಿ ಒಂದು ಅರ್ಜಿ ಕುಟ್ಟಿ ಮುಗಿಸುವುದರೊಳಗೆ ಗಿರಾಕಿ ಚಹಾ ಕುಡಿದು ಬಂದಿರುತ್ತಿದ್ದ.

ಡ್ರೈವ್ ತೆರೆದಾಗ ನಿಶಾ ಏಳು ವರ್ಷದಲ್ಲಿ ಒಮ್ಮೆಯೂ ನೋಡದ ಒಂದು ಫೋಲ್ಡರ್ ಅಲ್ಲಿತ್ತು. ವಿಂಡೋಸಿನಲ್ಲಿ ಯಾರೋ ಕಾಣದ ಹಾಗೆ ಅಡಗಿಸಿಟ್ಟದ್ದು, ಲಿನಕ್ಸ್ ಅಂಥ ಮುಚ್ಚುಮರೆಯನ್ನು ಲೆಕ್ಕಕ್ಕೆ ಇಡುವುದಿಲ್ಲ ಎಂದು ವಿಘ್ನೇಶ್ವರ ಹೆಮ್ಮೆಯಿಂದ ಹೇಳಿದ. ಒಳಗೆ ನಾಲ್ಕು ಕಾಗದಗಳಿದ್ದವು. ಮೊದಲನೆಯದನ್ನು ತೆರೆದರೆ ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಕೊಂಬು, ಸೊಟ್ಟಗೆರೆ. ವಿಘ್ನೇಶ್ವರನ ಮುಖ ಸಪ್ಪಗಾಯಿತು.

"ನಿಮ್ಮ ಕನ್ನಡ ಫಾಂಟು ಇದ್ರಲ್ಲಿ ಇಲ್ಲ ಅಕ್ಕ. ಒಂದಕ್ಷರನೂ ಓದೂಕೆ ಬರೂದಿಲ್ಲ."

ನಿಶಾ ಪರದೆಯ ಹತ್ತಿರಕ್ಕೆ ಬಗ್ಗಿದಳು. ಫಾಂಟು ತಪ್ಪಿದಾಗಲೆಲ್ಲ ಇದೇ ಸೊಟ್ಟಗೆರೆಗಳನ್ನು ಕಂಡು ಕಂಡು, ಯಾವುದು ಯಾವ ಅಕ್ಷರವೆಂದು ಅವಳಿಗೆ ಬಾಯಿಪಾಠವಾಗಿತ್ತು. ಮೊದಲು ಗುರುತು ಸಿಕ್ಕಿದ್ದು ಅವಳದೇ ಹೆಸರು. ಆಮೇಲೆ ಒಂದೊಂದೇ ಶಬ್ದ ಕೂಡಿಸುತ್ತ ಹೋದಳು. ಹುಡುಗಿಗೆ ಮೂರ್ಛೆ ರೋಗವಿದೆ, ಮನೆಯವರು ಮುಚ್ಚಿಟ್ಟಿದ್ದಾರೆ, ಮೋಸ ಹೋಗಬೇಡಿ, ಇಂತಿ ನಿಮ್ಮ ಹಿತೈಷಿ.

ಅವಳಿಗೆ ಕುದುರಿದ ಮೂರು ಮದುವೆ ಸಂಬಂಧಗಳು ಮುರಿದುಬಿದ್ದಿದ್ದವು. ಯಾರೋ ಹೆಸರು ಹಾಕದೆ ಮೂಕರ್ಜಿ ಬರೆದರಂತೆ ಎಂಬುದಷ್ಟೇ ಕಿವಿಗೆ ಬಿದ್ದಿತ್ತು. ಎದುರುಮನೆಯ ಗೋದಾವರಿಯದೇ ಕೆಲಸ ಎಂದು ಆಣೆ ಇಟ್ಟು ಹೇಳಿದವನು ಅಣ್ಣ. ಆ ಮಾತು ನಂಬಿ, ಚಿಕ್ಕಂದಿನಲ್ಲಿ ತನ್ನನ್ನು ಎತ್ತಿ ಆಡಿಸಿದ ಆ ಹೆಂಗಸಿನ ಮುಖವನ್ನೂ ಇವಳು ಎರಡು ವರ್ಷದಿಂದ ನೋಡಿರಲಿಲ್ಲ. ಈ ಮಷೀನಿಗೆ ಕೈ ಹಚ್ಚುವವರು ಅಣ್ಣ ತಂಗಿ ಇಬ್ಬರೇ.

ನಾಲ್ಕನೆಯ ಕಾಗದ ಈಗ ಕುದುರಿದ್ದ ಸದಾಶಿವಗಡದ ಹುಡುಗನ ಮನೆಯವರಿಗೆ. ತಾರೀಖು ಮೊನ್ನೆಯದು. ಬರುವ ರವಿವಾರ ಅವರು ಮಾತು ಮುಗಿಸಲು ಬರುವವರಿದ್ದರು. ಆ ಹುಡುಗನನ್ನು ನಿಶಾ ಮನಸಾರೆ ಒಪ್ಪಿದ್ದಳು.

ಅಷ್ಟರಲ್ಲಿ ಝೆರಾಕ್ಸ್ ಕಾಗದದ ಕಟ್ಟು ಹೊತ್ತುಕೊಂಡು ಗುರುಪ್ರಸಾದ ಒಳಗೆ ಬಂದ. ಸಿಡಿ ಹಾಕಿದ್ದು ತಿಳಿದು ಒಂದು ಗಳಿಗೆ ಅವನ ಬಣ್ಣವೇ ಇಳಿಯಿತು. ಬಗ್ಗಿ ಪರದೆ ನೋಡಿದ. ತಾನೇ ಕುಟ್ಟಿದ ಕಾಗದ ಕಣ್ಣೆದುರಿಗಿದ್ದರೂ ಅವನಿಗೆ ಒಂದು ಗೆರೆಯೂ ಅರ್ಥವಾಗಲಿಲ್ಲ. ಹಾಯಾಗಿ ಉಸಿರು ಬಿಟ್ಟು ನಕ್ಕ.

"ನಾ ಮೊದ್ಲೇ ಹೇಳ್ಲಿಲ್ವಾ? ಕನ್ನಡನೇ ಬರೂದಿಲ್ಲ ಇದ್ರಲ್ಲಿ. ವಿಂಡೋಸೇ ಇರ್ಲಿ ಬಿಡು."

ನಿಶಾ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಅಣ್ಣ, ನಂಗೆ ಮೂರ್ಛೆ ರೋಗ ಯಾವಾಗ ಬಂತು?"