ವಾದ್ಯಕ್ಕೊಂದು ಸರಿಯಾದ ಹೆಸರು

ಬ್ಯಾನರಿನಲ್ಲಿ ಬರೀ 'ಗಿಟಾರ್ ವಾದನ' ಎಂದು ಹಾಕಿಸಿದ್ದಕ್ಕೆ ವಿದ್ವಾಂಸರೊಬ್ಬರು ಪಕ್ಕದೂರಿನ ವೇದಿಕೆಯಿಂದಲೇ ಎದ್ದು ಹೋಗಿದ್ದರು. ಈಗ ಅವರನ್ನೇ ತಮ್ಮೂರಿನ ಕಛೇರಿಗೆ ಕರೆದಿದ್ದ ಸಂಗೀತ ಸಭೆಯ ಕಾರ್ಯದರ್ಶಿಗೆ ಮೂರು ದಿನದಿಂದ ಅನ್ನ ಸೇರಿರಲಿಲ್ಲ. ಕೊನೆಗೆ ಸಮಿತಿಯನ್ನು ಕೂಡಿಸಿದರು.

"ತೊಡೆ ಮೇಲೆ ಮಲಗಿಸ್ಕೊಂಡು, ತಂತಿ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸ್ತಾರೆ. ಹವಾಯಿಯನ್ ಗಿಟಾರ್ ಅನ್ನಿ," ಎಂದರು ಖಜಾಂಚಿ.

"ಹವಾಯಿಯವ್ರು ಕಲ್ಯಾಣಿ ರಾಗ ನುಡಿಸ್ತಾರೇನ್ರೀ? ಸ್ಲೈಡ್ ಗಿಟಾರ್ ಅನ್ನಿ," ಎಂದರು ಉಪಾಧ್ಯಕ್ಷರು.

"ಅದರೊಳಗೆ ನಾದ ಹೆಚ್ಚಿಸೋ ಲೋಹದ ತಟ್ಟೆ ಇದೆ. ರೆಸೊನೇಟರ್ ಅನ್ನದೇ ಇದ್ರೆ ಅವಮಾನ!" ಎಂದರು ಅಧ್ಯಕ್ಷರು.

ಮೂರು ಸುತ್ತು ಕಾಫಿಯಾದರೂ ಯಾರೂ ಪಟ್ಟು ಸಡಿಲಿಸಲಿಲ್ಲ. ಕಾರ್ಯದರ್ಶಿ ಎಲ್ಲವನ್ನೂ ಸೇರಿಸಿ, ಕೆಳಗೆ ವಿದ್ವಾಂಸರ ಹೆಸರನ್ನೂ ಬರೆದು ಬ್ಯಾನರ್ ಅಂಗಡಿಗೆ ಕಳಿಸಿದರು. ಅಂಗಡಿಯವನ ಫೋನ್ ಬಂತು.

"ಸಾರ್, ಇಷ್ಟೆಲ್ಲಾ ಹಿಡಿಯಲ್ಲ. ಒಂದು ಸಾಲು ತೆಗೀಬೇಕು."

"ವಾದ್ಯದ ಹೆಸರು, ಅಧ್ಯಕ್ಷರ ಫೋಟೊ, ಇವೆರಡನ್ನ ಮಾತ್ರ ಮುಟ್ಟಬೇಡಿ. ಮಿಕ್ಕಿದ್ದು ನೀವೇ ನೋಡ್ಕೊಳ್ಳಿ!"

ಮರುದಿನ ಸಂಜೆ ವಿದ್ವಾಂಸರು ವೇದಿಕೆ ಹತ್ತಿ, ಕನ್ನಡಕ ಏರಿಸಿ ಬ್ಯಾನರನ್ನು ಗಟ್ಟಿಯಾಗಿ ಓದಿದರು: "ತೊಡೆಯ ಮೇಲೆ ಮಲಗಿಸಿ ನುಡಿಸುವ ಹವಾಯಿಯನ್ ಶೈಲಿಯ ಸ್ಲೈಡ್ ರೆಸೊನೇಟರ್ ಗಿಟಾರ್ ವಾದನ."



"ನಲವತ್ತು ವರ್ಷದಲ್ಲಿ ಯಾರೂ ಇಷ್ಟು ಸರಿಯಾಗಿ ಹಾಕ್ಸಿರ್ಲಿಲ್ಲ ಕಣ್ರೀ," ಎಂದು ವಿದ್ವಾಂಸರು ಕಾರ್ಯದರ್ಶಿಯ ಎರಡೂ ಕೈ ಹಿಡಿದುಕೊಂಡರು. ಆಮೇಲೆ ಮತ್ತೊಮ್ಮೆ ಬ್ಯಾನರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಕೇಳಿದರು:

"ಅಂದ ಹಾಗೆ, ಇವತ್ತು ನುಡಿಸೋರು ಯಾರು?"